ಬಾಯಾಗಿನ ಗಂಟು, ಟ್ರಂಕಿನಾಗಿನ ಫೈಲು

(ಮೊದಲೇ ಹೇಳಿಬಿಡ್ತೀನಿ, ಇದು ಉದ್ದದ ಪೋಸ್ಟು. ನಗೋಕೆ ಏನೂ ಇಲ್ಲ. ಟೀ ಹಿಡ್ಕೊಂಡು ಕೂತು ಓದಿ.)

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಯಾರಿಗಾದ್ರೂ ಬಾಯಲ್ಲಿ ಗಂಟೋ ಹುಣ್ಣೋ ಆದ್ರೆ ಡಾಕ್ಟರ ಹತ್ರ ಹೋಗೋಕೆ ಮೊದಲೇ ಕಾರಣ ತೀರ್ಮಾನ ಆಗಿಬಿಟ್ಟಿರುತ್ತೆ. ಗುಟ್ಕಾ ತಿನ್ನೋರಾದ್ರೆ "ತಿಂದಾನ, ಆಗೇತಿ". ತಿನ್ನದೇ ಇರೋರಾದ್ರೆ "ಹಲ್ಲು ಹುಳುಕಾಗಿ ಕೀವು ತುಂಬೇತಿ, ಕೀಳಿಸಿದ್ರ ಹೋಗ್ತೈತಿ". ಇವೆರಡು ಬಿಟ್ಟು ಮೂರನೇ ಕಾರಣ ಅನ್ನೋದೇ ಇಲ್ಲ. ಕಟ್ಟೆ ಮೇಲೆ ಕೂತವರೂ ಇದನ್ನೇ ಹೇಳ್ತಾರೆ, ಕೆಲವೊಮ್ಮೆ ದವಾಖಾನೆಯಲ್ಲಿ ಕೂತವರೂ ಇದನ್ನೇ ಹೇಳ್ತಾರೆ.

ಹಾಗಂತ ಕಟ್ಟೆಯವರು ಮೂರ್ಖರೇನಲ್ಲ. ಬಹಳಷ್ಟು ಸಲ ಅವರು ಹೇಳೋದೇ ನಿಜ. 2016-17ರಲ್ಲಿ ಆದ ತಂಬಾಕು ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಜನ ಒಂದಲ್ಲ ಒಂದು ರೀತಿ ತಂಬಾಕು ಬಳಸ್ತಾರೆ, ಅದರಲ್ಲೂ ಸೇದೋರಿಗಿಂತ ಜಗಿಯೋರೇ ಹೆಚ್ಚು. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಕೊಟ್ರು, ತಿನ್ನೋರು ಅಂಗೈಯಲ್ಲಿ ಬೆರೆಸಿಕೊಂಡ್ರು. ಹೆಂಗಸರು ಮಿಸ್ರಿ ತಿಕ್ಕೋದು ಬೇರೆ ಇದೆ. ಹೀಗಿರೋವಾಗ ಬಾಯಿ ಕ್ಯಾನ್ಸರ್ ಅಂದ ಕೂಡಲೇ ತಂಬಾಕಿನ ನೆನಪಾಗೋದು ಸಹಜ.

ಆದ್ರೆ ಮೂರನೇ ಕಾರಣ ಒಂದಿದೆ. ಗಂಟು ಕಾಣೋದು ಬಾಯಲ್ಲಿ, ಅದು ಹುಟ್ಟಿದ್ದು ಇನ್ನೆಲ್ಲೋ. ಕಿಡ್ನಿಯಲ್ಲಿ, ಪುಪ್ಪುಸದಲ್ಲಿ, ಸ್ತನದಲ್ಲಿ. ಬಾಯಲ್ಲಿ ಆಗೋ ಎಲ್ಲ ಕ್ಯಾನ್ಸರುಗಳ ಪೈಕಿ ಹೀಗೆ ಹೊರಗಿನಿಂದ ಬಂದವು ನೂರಕ್ಕೆ ಒಂದರ ಆಸುಪಾಸು. ಇವತ್ತು ಬರೀತಿರೋದು ಅದರಲ್ಲೂ ಕಿಡ್ನಿಯಿಂದ ಬರೋದರ ಬಗ್ಗೆ. ನನ್ನ ವಾದ ಏನು ಅಂತ ಈಗಲೇ ಹೇಳಿಬಿಡ್ತೀನಿ: ಈ ಕಾಯಿಲೆಯನ್ನ ಕಂಡುಹಿಡಿಯೋಕೆ ಮೊದಲು ಬೇಕಾಗಿರೋದು ಕೋಟಿ ರೂಪಾಯಿ ಮಶಿನ್ ಅಲ್ಲ. ಎರಡೇ ಎರಡು ಕೆಲಸ. ಬಾಯಿಂದ ತೆಗೆದ ತುಂಡನ್ನ ಲ್ಯಾಬಿಗೆ ಕಳಿಸೋದು, ರೋಗಿಗೆ ಹಿಂದೆ ಏನಾಗಿತ್ತು ಅನ್ನೋ ಸತ್ಯವನ್ನ ರೋಗಿಗೇ ಹೇಳಿರೋದು. ನಮ್ಮ ಕಡೆ ಎರಡರಲ್ಲೂ ಎಡವುತ್ತೇವೆ. ಮೊದಲನೆಯದಕ್ಕಿಂತ ಎರಡನೆಯದರಲ್ಲಿ ಜಾಸ್ತಿ.

ಕಿಡ್ನಿ ಎಲ್ಲಿ, ಬಾಯಿ ಎಲ್ಲಿ?

ನನಗೂ ಮೊದಲು ಬಂದ ಪ್ರಶ್ನೆ ಇದೇ. ನಾನು ಡಾಕ್ಟರಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯೋನು. ಓದಿ, ಗೊತ್ತಿದ್ದವರನ್ನ ಕೇಳಿ ತಿಳ್ಕೊಂಡದ್ದನ್ನ ಇಲ್ಲಿ ಹೇಳ್ತಿದ್ದೀನಿ.

ಮಾಮೂಲಿ ದಾರಿ ಹೀಗಿದೆ. ಕಿಡ್ನಿಯ ಗಡ್ಡೆಯಿಂದ ಕಳಚಿದ ಕಣಗಳು ರಕ್ತದ ಜೊತೆ ಹೃದಯಕ್ಕೆ ಬಂದು, ಅಲ್ಲಿಂದ ಪುಪ್ಪುಸಕ್ಕೆ ಹೋಗ್ತವೆ. ಪುಪ್ಪುಸದ ಸಣ್ಣ ಸಣ್ಣ ನಾಳಗಳು ಜರಡಿ ಇದ್ದ ಹಾಗೆ, ಹೆಚ್ಚಿನವು ಅಲ್ಲೇ ಸಿಕ್ಕಿಕೊಳ್ತವೆ. ಕಿಡ್ನಿ ಕ್ಯಾನ್ಸರ್ ಹರಡಿದಾಗ ಮೊದಲು ಪುಪ್ಪುಸದಲ್ಲಿ ಹುಡುಕೋದು ಅದಕ್ಕೇ. ಜರಡಿ ದಾಟಿದವು ಎಲ್ಲಿಗೆ ಬೇಕಾದ್ರೂ ಹೋಗಬಹುದು.

ಇನ್ನೊಂದು ಕಳ್ಳದಾರಿಯೂ ಇದೆ. ಬೆನ್ನುಹುರಿಯ ಸುತ್ತ ಅಭಿಧಮನಿಗಳ ಒಂದು ಬಲೆ ಇದೆ, ಸೊಂಟದಿಂದ ತಲೆಬುರುಡೆವರೆಗೂ. 1940ರಲ್ಲಿ ಬ್ಯಾಟ್ಸನ್ ಅನ್ನೋ ಅಮೆರಿಕದ ಅಂಗರಚನಾ ತಜ್ಞ ಇದರ ಮಹತ್ವ ತೋರಿಸಿಕೊಟ್ಟ. ಈ ಬಲೆಯಲ್ಲಿ ಕವಾಟಗಳಿಲ್ಲ. ಕವಾಟ ಇಲ್ಲ ಅಂದ್ರೆ ರಕ್ತ ಒಂದೇ ದಿಕ್ಕಿಗೆ ಹರೀಬೇಕು ಅನ್ನೋ ಕಟ್ಟಳೆ ಇಲ್ಲ.

ಇದನ್ನ ನಮ್ಮ ಬೀಳಗಿಯವರಿಗೆ ಅರ್ಥ ಮಾಡಿಸೋದು ಬಹಳ ಸುಲಭ. ಘಟಪ್ರಭೆ ಮುಧೋಳ ದಾಟಿ ಮುಂದೆ ಹೋಗಿ ಕೃಷ್ಣೆಗೆ ಸೇರಬೇಕಾದ ಹೊಳೆ. ಆದ್ರೆ ಆಲಮಟ್ಟಿಯಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸಿದಾಗ ಅನಗವಾಡಿ ಸೇತುವೆ ಹತ್ರ ನಿಂತು ನೋಡಿ, ನೀರು ಕೆಳಗೆ ಹೋಗೋ ಬದಲು ಹಿಂದಕ್ಕೆ ಬಂದು ಹೊಲಗಳ ಮೇಲೆ ನಿಂತಿರುತ್ತೆ. ಹಿನ್ನೀರು! ಕೆಳಗೆ ಒತ್ತಡ ಜಾಸ್ತಿಯಾದ್ರೆ ಮೇಲಿನ ಹೊಳೆ ಹಿಂದೆ ಸರಿಯುತ್ತೆ. ನಾವು ಕೆಮ್ಮಿದಾಗ, ಭಾರ ಎತ್ತಿದಾಗ, ಮುಕ್ಕಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಆ ಕವಾಟವಿಲ್ಲದ ಬಲೆಯಲ್ಲೂ ಹೀಗೇ ಆಗುತ್ತೆ. ಕಿಡ್ನಿಯ ಕಣ ಪುಪ್ಪುಸದ ಕಡೆ ಹೋಗದೇ ನೇರ ತಲೆ-ಕತ್ತಿನ ಕಡೆ ಬರೋಕೆ ಇದೊಂದು ದಾರಿ. ಪುಪ್ಪುಸದಲ್ಲಿ ಏನೂ ಕಾಣದೇ ಬಾಯಲ್ಲಿ ಗಂಟು ಕಾಣೋ ಕೆಲವರ ವಿಷಯದಲ್ಲಿ ವೈದ್ಯರು ಕೊಡೋ ವಿವರಣೆ ಇದೇ.

ಇಸ್ರೇಲಿನ ಹರ್ಷ್‌ಬರ್ಗ್ ಮತ್ತು ಸಂಗಡಿಗರು 2008ರಲ್ಲಿ, ಅಲ್ಲೀವರೆಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿದ್ದ ಇಂಥ 673 ಪ್ರಕರಣಗಳನ್ನ ಒಟ್ಟು ಹಾಕಿ ನೋಡಿದ್ರು. ದವಡೆಯ ಮೂಳೆಯಲ್ಲಿ ಬರೋದು ಹೆಚ್ಚು. ಬಾಯಿಯ ಮೆತ್ತನೆ ಭಾಗದಲ್ಲಿ ಬಂದ್ರೆ ವಸಡಿನಲ್ಲೇ ಹೆಚ್ಚು, ಆಮೇಲೆ ನಾಲಿಗೆ. ನನಗೆ ಗಾಬರಿ ಹುಟ್ಟಿಸಿದ್ದು ಇನ್ನೊಂದು ಅಂಶ. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಬಾಯಿಯ ಗಂಟೇ ಮೊಟ್ಟಮೊದಲ ಲಕ್ಷಣ. ಅಂದ್ರೆ ಒಳಗೆಲ್ಲೋ ಕ್ಯಾನ್ಸರ್ ಇದೆ ಅಂತ ಅವರಿಗೆ ಅಲ್ಲೀವರೆಗೆ ಗೊತ್ತೇ ಇರಲಿಲ್ಲ. ಅವರ ಕ್ಯಾನ್ಸರನ್ನ ಮೊದಲು ನೋಡಿದವರು ಹಲ್ಲಿನ ಡಾಕ್ಟರು!

ನೋಡೋಕೆ ಏನೂ ಅಲ್ಲ ಅನ್ನಿಸೋ ಗಂಟು

ಸಮಸ್ಯೆ ಇರೋದೇ ಇಲ್ಲಿ. ಈ ಗಂಟು ಭಯಂಕರವಾಗಿ ಕಾಣೋದಿಲ್ಲ. ಹಲ್ಲುಗಳ ನಡುವೆ ಕೆಂಪಗೆ ಉಬ್ಬಿಕೊಂಡಿರುತ್ತೆ, ಮುಟ್ಟಿದ್ರೆ ರಕ್ತ ಬರುತ್ತೆ. ಥೇಟ್ ಹಾಗೇ ಕಾಣೋ ನಿರುಪದ್ರವಿ ಗಂಟುಗಳು ವಸಡಿನಲ್ಲಿ ಬೇಕಾದಷ್ಟು ಆಗ್ತವೆ. ಹಲ್ಲಿನ ಕಿಟ್ಟ ಕಟ್ಟಿ ಆಗುತ್ತೆ, ಬಸುರಿ ಹೆಂಗಸರಿಗೂ ಆಗುತ್ತೆ. ನೂರು ಗಂಟು ನೋಡಿದ ಹಲ್ಲಿನ ಡಾಕ್ಟರು ನೂರಾ ಒಂದನೇದನ್ನೂ ಅದೇ ಅಂದ್ಕೊಂಡ್ರೆ ಆಶ್ಚರ್ಯ ಇಲ್ಲ.

ಸುಳಿವು ಒಂದೇ, ರಕ್ತ. ಕಿಡ್ನಿಯಿಂದ ಬಂದ ಗಂಟಿನಲ್ಲಿ ರಕ್ತನಾಳ ಬಹಳ. ಇದಕ್ಕೆ ಕಾರಣ ನಮ್ಮಂಥ ಇಂಜಿನಿಯರುಗಳಿಗೆ ಇಷ್ಟ ಆಗೋ ಥರದ್ದು. ನಮ್ಮ ಕಣಗಳಲ್ಲಿ ಆಮ್ಲಜನಕ ಸಾಕಷ್ಟಿದೆಯಾ ಅಂತ ನೋಡೋ ಒಂದು ವ್ಯವಸ್ಥೆ ಇದೆ. ಅದರಲ್ಲಿ ವಿಎಚ್‌ಎಲ್ ಅನ್ನೋ ಜೀನ್ ಮುಖ್ಯ. ಆಮ್ಲಜನಕ ಸಾಕಷ್ಟಿದ್ದಾಗ "ಕೊರತೆ ಇದೆ" ಅನ್ನೋ ಅಲಾರಂ ಆಫ್ ಮಾಡೋದು ಅದರ ಕೆಲಸ. ಕಿಡ್ನಿ ಕ್ಯಾನ್ಸರಿನಲ್ಲಿ ಅತಿ ಸಾಮಾನ್ಯವಾದ ಜಾತಿಯಲ್ಲಿ ಈ ಜೀನೇ ಕೆಟ್ಟಿರುತ್ತೆ. ಅಲಾರಂ ಆಫ್ ಆಗೋದೇ ಇಲ್ಲ. ಉಸಿರು ಕಟ್ಟಿದೆ ಅಂತ ತಿಳ್ಕೊಂಡ ಕಣ ಹೊಸ ಹೊಸ ರಕ್ತನಾಳ ಕರೆಸಿಕೊಳ್ತಾನೇ ಇರುತ್ತೆ. ಆಮ್ಲಜನಕ ಗುರುತಿಸೋ ಈ ವ್ಯವಸ್ಥೆಯನ್ನ ಬಿಡಿಸಿ ಹೇಳಿದ್ದಕ್ಕೆ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಮೂವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು. ಸುನಿಟಿನಿಬ್‌ನಂಥ ಮಾತ್ರೆಗಳು ಕೆಲಸ ಮಾಡೋದೂ ಈ ರಕ್ತನಾಳದ ಬೆಳವಣಿಗೆಯನ್ನ ತಡೆದು.

ಅಂದ ಹಾಗೆ, ಮೂಲದ ಬಗ್ಗೆ ಮೋಸ ಹೋಗೋದು ಹಳ್ಳಿಯವರು ಮಾತ್ರ ಅಲ್ಲ. 1883ರಲ್ಲಿ ಜರ್ಮನಿಯ ಗ್ರಾವಿಟ್ಸ್ ಅನ್ನೋ ರೋಗಶಾಸ್ತ್ರಜ್ಞ, ಕಿಡ್ನಿಯ ಈ ಗಡ್ಡೆ ಕಿಡ್ನಿಯದೇ ಅಲ್ಲ, ಅದರ ನೆತ್ತಿ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿಯ ಚೂರುಗಳಿಂದ ಹುಟ್ಟಿದ್ದು ಅಂದ. ಅದರಿಂದ ಬಂದ "ಹೈಪರ್‌ನೆಫ್ರೋಮಾ" ಅನ್ನೋ ಹೆಸರು ಎಷ್ಟೋ ದಶಕ ಉಳೀತು.

ಪತ್ತೆ ಹೇಗೆ?

ಕಣ್ಣಿಂದ ನೋಡಿ ಹೇಳೋಕೆ ಆಗಲ್ಲ. ಎಕ್ಸ್‌ರೇ ತೆಗೆದ್ರೆ ದವಡೆ ಮೂಳೆ ತಿಂದಿರೋದು ಕಾಣಬಹುದು, ಕಾಣದೇ ಇರಬಹುದು. ತೀರ್ಮಾನ ಆಗೋದು ತುಂಡು ತೆಗೆದು ಪರೀಕ್ಷೆ ಮಾಡಿದಾಗ ಮಾತ್ರ. ತುಂಡನ್ನ ಫಾರ್ಮಾಲಿನ್ ಬಾಟಲಿಯಲ್ಲಿ ಹಾಕಿ ಕಳಿಸ್ತಾರೆ. ಲ್ಯಾಬಿನವರು ಮೇಣದಲ್ಲಿ ಹೂತು, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಆಗ ಕಾಣೋದು ಖಾಲಿ ಖಾಲಿ, ಬೆಳ್ಳಗಿನ ಕಣಗಳು. ಆ ಕಣಗಳ ಹೊಟ್ಟೆ ತುಂಬ ಕೊಬ್ಬು, ಗ್ಲೈಕೋಜನ್ ಇರುತ್ತೆ, ತಯಾರಿ ಮಾಡುವಾಗ ಅದೆಲ್ಲ ಕರಗಿಹೋಗಿ ಜಾಗ ಮಾತ್ರ ಉಳಿಯುತ್ತೆ. ಸುತ್ತ ಬಲೆ ಬಲೆಯಾಗಿ ರಕ್ತನಾಳ.

ಅಷ್ಟಕ್ಕೇ ಮುಗೀಲಿಲ್ಲ. ಬಾಯಿಯ ಜೊಲ್ಲಿನ ಗ್ರಂಥಿಗಳ ಕೆಲವು ಕ್ಯಾನ್ಸರುಗಳಲ್ಲೂ, ಹಲ್ಲು ಹುಟ್ಟೋ ಅಂಗಾಂಶದ ಅಪರೂಪದ ಗಡ್ಡೆಗಳಲ್ಲೂ ಇಂಥದೇ ಖಾಲಿ ಕಣಗಳು ಕಾಣ್ತವೆ. ಜೊಲ್ಲಿನ ಗ್ರಂಥಿಯ ಸಾಮಾನ್ಯ ಕ್ಯಾನ್ಸರಿನಲ್ಲಿ ಲೋಳೆ ಇರುತ್ತೆ, ಕಿಡ್ನಿಯದರಲ್ಲಿ ಇರಲ್ಲ, ಅದಕ್ಕೊಂದು ಬಣ್ಣದ ಪರೀಕ್ಷೆ. ಆಮೇಲೆ ಪ್ಯಾಕ್ಸ್-8, ಸಿಡಿ-10 ಥರದ ಗುರುತುಗಳ ಪರೀಕ್ಷೆ, ಇದು ದೊಡ್ಡ ಲ್ಯಾಬಿನಲ್ಲಿ ಮಾತ್ರ. ಆದ್ರೆ ಆ ಪರೀಕ್ಷೆ ಮಾಡಿಸಬೇಕು ಅಂತ ರೋಗಶಾಸ್ತ್ರದ ಡಾಕ್ಟರಿಗೆ ಅನ್ನಿಸಬೇಕಲ್ಲ? ಅನ್ನಿಸೋದು ಒಂದು ಸಾಲಿನಿಂದ. ತುಂಡಿನ ಜೊತೆ ಕಳಿಸೋ ಚೀಟಿಯಲ್ಲಿ "ಇವರಿಗೆ ಹಿಂದೆ ಕಿಡ್ನಿ ಕ್ಯಾನ್ಸರ್ ಆಪರೇಶನ್ ಆಗಿದೆ" ಅನ್ನೋ ಒಂದೇ ಸಾಲು. ಆ ಸಾಲಿದ್ರೆ ಬೇಗ ದಾರಿ ಸಿಗುತ್ತೆ. ಇಲ್ಲದಿದ್ರೆ ಜೊಲ್ಲಿನ ಗ್ರಂಥಿಯ ಕ್ಯಾನ್ಸರ್ ಅಂದ್ಕೊಂಡು ದವಡೆಗೇ ದೊಡ್ಡ ಆಪರೇಶನ್ ಮಾಡಿಬಿಡೋ ಸಾಧ್ಯತೆಯೂ ಇದೆ.

ಸಾಫ್ಟ್‌ವೇರಿನವರಿಗೆ ಇದು ಹೊಸದಲ್ಲ. ಪ್ರೋಗ್ರಾಂ ಬಿದ್ದ ಜಾಗ ಒಂದು, ತಪ್ಪು ಇರೋ ಜಾಗ ಇನ್ನೊಂದು. ಬಿದ್ದ ಸಾಲನ್ನೇ ಅಳಿಸಿಹಾಕಿ "ಸರಿ ಮಾಡಿದೆ" ಅಂದ್ರೆ ಟೀಮ್ ಲೀಡ್ ಏನಂತಾರೆ ಗೊತ್ತಲ್ಲ? ಮೊದಲು ಲಾಗ್ ನೋಡು ಅಂತಾರೆ. ಲಾಗನ್ನೇ ಯಾರೋ ಬೇಕಂತ ತಿದ್ದಿಟ್ಟಿದ್ರೆ? ಆಗ ದೇವರೇ ಗತಿ.

ನಮ್ಮ ಮನೆಯಲ್ಲಿ ಆದದ್ದು

ಬನಹಟ್ಟಿಯಲ್ಲಿ ನನ್ನ ಸೋದರಮಾವ ಇದ್ರು. ಪವರ್‌ಲೂಮ್ ನೇಕಾರರು. ಅಡಿಕೆ ಚೂರು ಸಹ ಬಾಯಿಗೆ ಹಾಕಿದೋರಲ್ಲ. 2014ರಲ್ಲಿ ಅವರ ಒಂದು ಕಿಡ್ನಿ ತೆಗೆಸಿದ್ರು. ನಾನಾಗ ಪಿಯುಸಿ. "ಹರಳಾಗಿತ್ತು, ಕಿಡ್ನಿ ಕೆಟ್ಟಿತ್ತು, ತಗಸೀವಿ" ಅಂತ ಮನೆಯಲ್ಲಿ ಹೇಳಿದ್ರು. ನಾವೂ ಅದನ್ನೇ ನಂಬಿದ್ವಿ, ಮಾಮಾನೂ ಅದನ್ನೇ ನಂಬಿದ್ರು.

2023ರಲ್ಲಿ ಅವರ ಕೆಳ ವಸಡಿನಲ್ಲಿ ಶೇಂಗಾ ಬೀಜದಷ್ಟು ಗಂಟು ಬಂತು. ಊಟ ಮಾಡುವಾಗ ರಕ್ತ. ಒಂದು ದವಾಖಾನೆಗೆ ಹೋದ್ರು (ಹೆಸರು ಬೇಡ). "ಸಾದಾ ಗಡ್ಡಿ ಐತ್ರಿ, ತಗದ್ ಬಿಡ್ತೀನಿ, ಚಿಂತಿ ಮಾಡಬ್ಯಾಡ್ರಿ" ಅಂದ್ರು. ತೆಗೆದ್ರು. ರಕ್ತ ನಿಲ್ಲಿಸೋಕೆ ಒಂದು ತಾಸು ಹಿಡೀತು. ಗಡ್ಡಿ ಕಸದ ಬುಟ್ಟಿಗೆ ಹೋಯ್ತು.

ಆರು ವಾರದಲ್ಲಿ ಗಂಟು ಮತ್ತೆ ಬಂತು, ಈ ಸಲ ಅಡಿಕೆ ಗಾತ್ರ, ಪಕ್ಕದ ಹಲ್ಲು ಅಲ್ಲಾಡೋಕೆ ಶುರುವಾಯ್ತು. ಬೇರೆ ಡಾಕ್ಟರ ಹತ್ರ ಹೋದ್ರು. ಚಿಕ್ಕ ವಯಸ್ಸಿನ ಡಾಕ್ಟರು. ರಕ್ತ ಬರೋ ರೀತಿ ನೋಡಿ ಅವರಿಗೆ ಅನುಮಾನ ಬಂತು, ಸಣ್ಣ ತುಂಡು ತೆಗೆದು ಲ್ಯಾಬಿಗೆ ಕಳಿಸಿದ್ರು. ಹತ್ತು ದಿನದ ಮೇಲೆ ಮಾಮಾನನ್ನ ಕರೆಸಿ ಕೇಳಿದ್ರು: "ಯಜಮಾನ್ರ, ಮದ್ಲ ಏನರ ದೊಡ್ಡ ಆಪರೇಶನ್ ಆಗೇತೇನ್ರಿ?"

"ಕಿಡ್ನಿ ತಗಸೀನ್ರಿ. ಹರಳಾಗಿತ್ತು."

ಡಾಕ್ಟರು ಸುಮ್ಮನಾಗಲಿಲ್ಲ. "ಆಗಿನ ಫೈಲ್ ತರ್ತೀರೇನ್ರಿ?" ಅಂದ್ರು. ಮಾಮಾನ ಅಣ್ಣ, ಅಂದ್ರೆ ದೊಡ್ಡ ಮಾಮಾ, ಜೊತೆಗೆ ಬಂದಿದ್ರು. ಮಾಮಾ ಹೊರಗೆ ಹೋದ ಮೇಲೆ ಬಾಗಿಲು ಹಾಕ್ಕೊಂಡು ಬಂದು ಹೇಳಿದ್ರು: "ಹರಳಲ್ರೀ ಅದು. ಗಡ್ಡಿ ಇತ್ತು. ಅದರ ಹೆಸರ ಹೇಳಿದ್ರ ಎದಿ ಒಡಕೋತಾನಂತ ನಾವು ಹೇಳಿದ್ದಿಲ್ರೀ."

ಫೈಲು ಸಿಕ್ಕಿದ್ದು ದೊಡ್ಡ ಮಾಮಾನ ಮನೆಯ ಟ್ರಂಕಿನ ತಳದಲ್ಲಿ, ಹಳೇ ಸೀರೆಗಳ ಕೆಳಗೆ. ಮೊದಲ ಹಾಳೆಯಲ್ಲೇ ಕಾಯಿಲೆಯ ಹೆಸರಿತ್ತು. ಬಿಡುಗಡೆ ಚೀಟಿಯ ಕೊನೆಯಲ್ಲಿ ಇಂತಿಷ್ಟು ತಿಂಗಳಿಗೊಮ್ಮೆ ಬಂದು ಎದೆ, ಹೊಟ್ಟೆ ಸ್ಕ್ಯಾನ್ ಮಾಡಿಸಬೇಕು ಅಂತ ಬರೆದಿತ್ತು. ಮೊದಲ ವರ್ಷ ಎರಡು ಸಲ "ಉಳಿದ ಕಿಡ್ನಿ ನೋಡಸ್ಕೊಂಡ್ ಬರೂಣು" ಅಂತ ಕರ್ಕೊಂಡು ಹೋಗಿದ್ರು. ಆಮೇಲೆ ಮಾಮಾನೇ "ಹರಳ ಹೋಗೇತಿ, ಅರಾಮ ಅದೀನಿ, ಯಾಕ ರೊಕ್ಕ ದಂಡ?" ಅಂದ್ರು. ಅವರ ಮಾತಿನಲ್ಲಿ ತಪ್ಪೇನಿತ್ತು? ಹರಳು ತೆಗೆಸಿದೋರು ಒಂಬತ್ತು ವರ್ಷ ಸ್ಕ್ಯಾನ್ ಮಾಡಿಸ್ತಾರೇನು?

ಸ್ಕ್ಯಾನ್ ಮಾಡಿದಾಗ ಪುಪ್ಪುಸದಲ್ಲೂ ಒಂದಷ್ಟು ಚುಕ್ಕೆ ಕಂಡವು. ಮಾತ್ರೆ ಶುರುವಾಯ್ತು. ಒಂದು ವರ್ಷ ನಾಲ್ಕು ತಿಂಗಳು ಇದ್ರು. ಸತ್ಯ ಗೊತ್ತಾದ ದಿನ ಅವರು ಅಳಲಿಲ್ಲ, ಎದೆ ಒಡೆದುಕೊಳ್ಳಲೂ ಇಲ್ಲ. ಅಣ್ಣನಿಗೆ ಒಂದೇ ಮಾತು ಅಂದ್ರು: "ಅಣ್ಣಾ, ನನ್ನ ಕಿಡ್ನಿ ಯಾಕ ತಗಸಿದ್ರಂತ ನಿಮಗೆಲ್ಲಾರಿಗೂ ಗೊತ್ತಿತ್ತು. ನನಗಷ್ಟ ಗೊತ್ತಿದ್ದಿಲ್ಲ." ಆಮೇಲೆ ಮಗ್ಗದ ಸಾಲ ಎಷ್ಟಿದೆ, ಮಗಳ ಮದುವೆ ಯಾವಾಗ ಮಾಡಬೇಕು ಅಂತ ಲೆಕ್ಕ ಹಾಕೋಕೆ ಕೂತ್ರು. ಅವರಿಗೆ ಬೇಕಾಗಿದ್ದದ್ದು ಆ ಲೆಕ್ಕ ಹಾಕೋಕೆ ಒಂದಿಷ್ಟು ಹೆಚ್ಚು ದಿನ.

ಒಂಬತ್ತು ವರ್ಷ ಸರಿಯಾಗಿ ಸ್ಕ್ಯಾನ್ ಮಾಡಿಸಿದ್ರೆ ಬದುಕಿ ಉಳೀತಿದ್ರಾ? ಗೊತ್ತಿಲ್ಲ, ಯಾರೂ ಹೇಳೋಕಾಗಲ್ಲ. ಆದ್ರೆ ಒಂದಂತೂ ನಿಜ. ಕಿಡ್ನಿ ಕ್ಯಾನ್ಸರಿನ ಗುಣವೇ ಹಾಗೆ, ಹತ್ತು ವರ್ಷ, ಇಪ್ಪತ್ತು ವರ್ಷ ಸುಮ್ಮನಿದ್ದು ಮತ್ತೆ ಎದ್ದ ಉದಾಹರಣೆಗಳಿವೆ. ಇಷ್ಟು ತಡವಾಗಿ, ಒಂದೇ ಜಾಗದಲ್ಲಿ ಎದ್ದಾಗ ಬೇಗ ಕಂಡುಹಿಡಿದ್ರೆ ಅದನ್ನ ಆಪರೇಶನ್ ಮಾಡಿ ತೆಗೆಯೋ ಅವಕಾಶ ಇರುತ್ತೆ. ಆ ಅವಕಾಶ ಇತ್ತೋ ಇಲ್ಲವೋ ಅಂತ ತಿಳಿಯೋ ಹಕ್ಕನ್ನೂ ಮಾಮಾನಿಂದ ನಾವೇ, ಅಂದ್ರೆ ಮನೆಯೇ, ಕಿತ್ಕೊಂಡಿತ್ತು.

ಮೊದಲನೇ ಮಾತು: ಕಸದ ಬುಟ್ಟಿ

"ಲಕ್ಷಕ್ಕೊಬ್ಬರಿಗೆ ಬರೋ ಕಾಯಿಲೆಗೆ ಎಲ್ಲರ ಗಂಟನ್ನೂ ಲ್ಯಾಬಿಗೆ ಕಳಿಸೋಕಾಗುತ್ತಾ?" ಅಂತ ನೀವು ಕೇಳಬಹುದು. ನನ್ನ ಉತ್ತರ, ಕಿಡ್ನಿ ಕ್ಯಾನ್ಸರಿಗೋಸ್ಕರ ಅಲ್ಲದಿದ್ರೂ ಕಳಿಸಬೇಕು. ತಂಬಾಕಿನ ಕ್ಯಾನ್ಸರ್ ಶುರುವಿನಲ್ಲಿ ಸಿಗೋದೂ ಹೀಗೇ. ಒಮ್ಮೆ ಕತ್ತಿ ಹಾಕಿದ ಮೇಲೆ, ತುಂಡು ಕೈಯಲ್ಲಿರುವಾಗ, ಅದನ್ನ ಎಸೆಯೋದರಲ್ಲಿ ಯಾವ ಉಳಿತಾಯ ಇದೆ? ಪರೀಕ್ಷೆಯ ಖರ್ಚು ಒಂದು ಸಿಟಿ ಸ್ಕ್ಯಾನಿನ ಮುಂದೆ ಏನೇನೂ ಅಲ್ಲ.

"ನಮ್ಮೂರಲ್ಲಿ ಲ್ಯಾಬ್ ಎಲ್ಲಿದೆ?" ಅಂದ್ರೆ, ತುಂಡು ಬಾಟಲಿಯಲ್ಲಿ ಪ್ರಯಾಣ ಮಾಡುತ್ತೆ, ರೋಗಿ ಹೋಗಬೇಕಾಗಿಲ್ಲ. ಬಾಗಲಕೋಟೆಯಲ್ಲೇ ಬಿವಿವಿ ಸಂಘದ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜಿದೆ, ವೈದ್ಯಕೀಯ ಕಾಲೇಜಿದೆ. ವಿಜಯಪುರ, ಬೆಳಗಾವಿ, ಧಾರವಾಡದಲ್ಲೂ ಕಾಲೇಜುಗಳಿವೆ. ಬಾಯಿಯ ರೋಗಶಾಸ್ತ್ರ ಅನ್ನೋದು ದಂತ ಕಾಲೇಜುಗಳಲ್ಲಿ ಪ್ರತ್ಯೇಕ ವಿಭಾಗ, ಇಂಥ ತುಂಡು ನೋಡೋದೇ ಅವರ ಕೆಲಸ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಇವೆ. ಇನ್ನು ನಮ್ಮ ಕಡೆಯವರಿಗೆ ಮಿರಜ ಅಂತೂ ಹಳೇ ದಾರಿ. 1894ರಲ್ಲಿ ವಾನ್ಲೆಸ್ ಅನ್ನೋ ಮಿಶನರಿ ಡಾಕ್ಟರು ಅಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ದೊಡ್ಡ ಬ್ಯಾನಿ ಅಂದ್ರೆ ಮಿರಜದ ಗಾಡಿ ಹತ್ತೋ ರೂಢಿ. ಗಡಿ, ಭಾಷೆ ಯಾವುದೂ ಅಡ್ಡ ಬಂದಿಲ್ಲ. ಇಷ್ಟೆಲ್ಲ ಓಡಾಡೋ ನಮಗೆ ಒಂದು ಬಾಟಲಿ ಕಳಿಸೋದು ಭಾರವೇ?

ಎರಡನೇ ಮಾತು: ಸುಳ್ಳು

ಇದು ಕಷ್ಟದ ಮಾತು, ಯಾಕಂದ್ರೆ ದೊಡ್ಡ ಮಾಮಾ ಕೆಟ್ಟವರಲ್ಲ. ತಮ್ಮನ ಆಪರೇಶನ್‌ಗೆ ಎರಡು ಮಗ್ಗ ಮಾರಿದೋರು ಅವರೇ. ಅವರು ಮಾಡಿದ್ದು ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಮಾಡೋದನ್ನೇ. ಕಾಯಿಲೆಯ ಹೆಸರು ಹೇಳಿದ್ರೆ ಧೈರ್ಯ ಕಳ್ಕೋತಾರೆ, ಊಟ ಬಿಡ್ತಾರೆ, ಮನೆಯಲ್ಲಿ ಹೆಣ್ಣುಮಕ್ಕಳಿದ್ರೆ ಸಂಬಂಧ ಕೂಡಿಬರಲ್ಲ. ಹೀಗೆ ಹೆದರೋರನ್ನ ಅಣಕಿಸೋಕೆ ನನಗೆ ಮನಸ್ಸಿಲ್ಲ.

ನಿಯಮ ಕೂಡ ಇದಕ್ಕೆ ಜಾಗ ಬಿಟ್ಟಿದೆ. ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಬಂದ ನಿಯಮಾವಳಿ ಏನು ಹೇಳುತ್ತೆ ಗೊತ್ತಾ? ಕಾಯಿಲೆಯ ಗಂಭೀರತೆಯನ್ನ ಹೆಚ್ಚೂ ಮಾಡಬಾರದು, ಕಡಿಮೆಯೂ ಮಾಡಬಾರದು, ರೋಗಿಗೆ, ಸಂಬಂಧಿಕರಿಗೆ ಅಥವಾ ಜವಾಬ್ದಾರಿಯುತ ಗೆಳೆಯರಿಗೆ ತಿಳಿದಿರೋ ಹಾಗೆ ನೋಡ್ಕೋಬೇಕು. ಆ "ಅಥವಾ" ನೋಡಿ! ನಾವು ಪ್ರೋಗ್ರಾಂ ಬರೆಯುವಾಗ "ಮತ್ತು" ಹಾಕೋ ಕಡೆ "ಅಥವಾ" ಹಾಕಿದ್ರೆ ಏನಾಗುತ್ತೆ ಅಂತ ಗೊತ್ತಿದೆಯಲ್ಲ? ಅಣ್ಣನಿಗೆ ಗೊತ್ತಾದ್ರೆ ಸಾಕು, ಷರತ್ತು ಪೂರ್ತಿ ಆಯ್ತು. ಕಿಡ್ನಿ ಕಳ್ಕೊಂಡೋನಿಗೆ ಗೊತ್ತಾಗಬೇಕಾಗಿಲ್ಲ.

ಅದೇ ನಿಯಮಾವಳಿಯಲ್ಲಿ ಇನ್ನೆರಡು ವಿಷಯ ಇವೆ. ರೋಗಿ ಕೇಳಿದ್ರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಇದು ಒಳ್ಳೇದೇ. ಆದ್ರೆ ಒಳರೋಗಿಯ ದಾಖಲೆಯನ್ನ ಡಾಕ್ಟರು ಇಟ್ಕೊಳ್ಳಬೇಕಾದ್ದು ಚಿಕಿತ್ಸೆ ಶುರುವಾದಾಗಿನಿಂದ 3 ವರ್ಷ ಮಾತ್ರ. ಕಿಡ್ನಿ ಕ್ಯಾನ್ಸರ್ ಹತ್ತು ವರ್ಷ ಬಿಟ್ಟು ಬರುತ್ತೆ, ದಾಖಲೆಯ ಆಯುಷ್ಯ ಮೂರು ವರ್ಷ. ಉಳಿದ ವರ್ಷಗಳಿಗೆ ಮನೆಯ ಟ್ರಂಕೇ ಗತಿ. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಶನ್ ದೇಶದಾದ್ಯಂತ ಶುರುವಾಗಿ, 14 ಅಂಕಿಯ ಆಭಾ ನಂಬರ್ ಬಂದಿದೆ, ಒಳ್ಳೇ ಕೆಲಸ. ಆದ್ರೆ 2014ರ ಕಾಗದವನ್ನ ಅದಕ್ಕೆ ಸೇರಿಸೋರು ಯಾರು? ಮನೆಯವರೇ ಬಚ್ಚಿಟ್ಟ ಸತ್ಯವನ್ನ ಯಾವ ಸರ್ವರ್ ಹುಡುಕಿ ಕೊಡುತ್ತೆ?

ನನ್ನ ಅಭಿಪ್ರಾಯ ಇಷ್ಟೇ. ರೋಗಿಯ ನಾಲಿಗೆಯೇ ಅವನ ಮೊದಲ ಫೈಲು. ಯಾವ ಊರಿಗೆ ಹೋದ್ರೂ, ಯಾವ ಡಾಕ್ಟರ ಮುಂದೆ ಕೂತ್ರೂ ಜೊತೆಗಿರೋ ಫೈಲು ಅದೊಂದೇ. ಅದರಲ್ಲಿ ನಾವು "ಹರಳು" ಅಂತ ಬರೆದ್ರೆ ಆಮೇಲೆ ಬರೋ ಎಲ್ಲ ಡಾಕ್ಟರೂ "ಹರಳು" ಅಂತಲೇ ಓದ್ತಾರೆ. ಸುಳ್ಳು ಆ ಮನುಷ್ಯನ ಎದೆ ಕಾಯುತ್ತೋ ಇಲ್ಲವೋ, ಅವನ ಕಾಯಿಲೆಯನ್ನಂತೂ ಚೆನ್ನಾಗಿ ಕಾಯುತ್ತೆ.

ಕೈಲಾದಷ್ಟು

ಓದೋರಿಗೆ ಉಪಯೋಗ ಆಗಲಿ ಅಂತ ನಾಲ್ಕು ಮಾತು ಪಟ್ಟಿ ಮಾಡ್ತೀನಿ. ಇದು ವೈದ್ಯರ ಸಲಹೆ ಅಲ್ಲ, ಪೆಟ್ಟು ತಿಂದ ಮನೆಯೊಂದರ ಮಾತು.

1. ಬಾಯಲ್ಲಿ ಎರಡು-ಮೂರು ವಾರ ದಾಟಿದ್ರೂ ಹೋಗದ ಗಂಟು, ಹುಣ್ಣು, ಕಾರಣ ಇಲ್ಲದೇ ಅಲ್ಲಾಡೋ ಹಲ್ಲು, ಗದ್ದದ ಹತ್ರ ಜೋಮು ಇದ್ರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ತಂಬಾಕು ತಿನ್ನೋದಿಲ್ಲ ಅಂತ ಸುಮ್ಮನಿರಬೇಡಿ.

2. ಗಂಟು ತೆಗೆದ್ರೆ "ಸರ್ ಇದನ್ನ ಪರೀಕ್ಷೆಗೆ ಕಳಿಸ್ತೀರಲ್ಲ?" ಅಂತ ಬಾಯಿ ಬಿಟ್ಟು ಕೇಳಿ. ಕೇಳೋಕೆ ಡಿಗ್ರಿ ಬೇಕಾಗಿಲ್ಲ. ವರದಿ ಬಂದ ಮೇಲೆ ಕಾಗದ ನಿಮ್ಮ ಹತ್ರ ಇಟ್ಕೊಳ್ಳಿ. ಮೇಣದ ಬ್ಲಾಕನ್ನ ಲ್ಯಾಬಿನವರು ಇಟ್ಟಿರ್ತಾರೆ, ಮುಂದೆ ಹೊಸ ತುಂಡಿನ ಜೊತೆ ಹೋಲಿಸೋಕೆ ಅದು ಬಂಗಾರ.

3. ಹಿಂದೆ ಯಾವುದೇ ಕ್ಯಾನ್ಸರಿಗೆ ಆಪರೇಶನ್ ಆಗಿದ್ರೆ, ಎಷ್ಟೇ ವರ್ಷ ಆಗಿರಲಿ, ಹಲ್ಲಿನ ಡಾಕ್ಟರಿಗೂ ಹೇಳಿ. "ಹಲ್ಲಿಗೂ ಕಿಡ್ನಿಗೂ ಏನ್ ಸಂಬಂಧ" ಅನ್ನಬೇಡಿ.

4. ಮನೆಯಲ್ಲಿರೋ ಹಳೇ ಫೈಲುಗಳನ್ನ ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದು, ಆ ಫೈಲು ಯಾರದ್ದೋ ಅವರಿಗೇ ಕಳಿಸಿ. ಅವರಿಗೇ!

ನಾಲ್ಕನೇದು ಬರೆಯೋಕೆ ಒಂದು ಸಾಲು, ಮಾಡೋಕೆ ಬಹಳ ಕಷ್ಟ ಅಂತ ಗೊತ್ತು. ಅಪ್ಪನಿಗೋ ಅಮ್ಮನಿಗೋ ಎದುರಿಗೆ ಕೂತು ಆ ಹೆಸರು ಹೇಳಬೇಕು. ಹೇಳೋ ರೀತಿ ಇರುತ್ತೆ. ಒಂದೇ ದಿನ ಎಲ್ಲ ಹೇಳಬೇಕಂತಿಲ್ಲ, ಡಾಕ್ಟರನ್ನ ಜೊತೆಗೆ ಕೂರಿಸಿಕೊಂಡು ಹೇಳಬಹುದು, ಅವರು ಕೇಳಿದಷ್ಟಕ್ಕೇ ಉತ್ತರ ಕೊಡಬಹುದು. ಆದ್ರೆ ಕೇಳಿದ್ದಕ್ಕೆ ಸುಳ್ಳು ಹೇಳೋದು ಬೇಡ.

ನಿಮ್ಮ ಕಡೆ ಹೇಗೆ? ನಮ್ಮಲ್ಲಿ ಆ ಕಾಯಿಲೆಯ ಹೆಸರು ಹೇಳೋದೇ ಇಲ್ಲ, "ದೊಡ್ಡ ಬ್ಯಾನಿ" ಅಂತಾರೆ, ಇಲ್ಲಾ ಬರೇ "ಅದು" ಅಂತಾರೆ. ಮಲೆನಾಡು, ಕರಾವಳಿ, ಮೈಸೂರು ಕಡೆಯ ಗೆಳೆಯರೇ, ನಿಮ್ಮೂರಲ್ಲಿ ಏನಂತಾರೆ? ರೋಗಿಗೆ ಹೇಳ್ತಾರಾ, ಮುಚ್ಚಿಡ್ತಾರಾ? ಹೇಳಿ ಒಳ್ಳೇದಾಯ್ತಾ, ಕೆಟ್ಟದ್ದಾಯ್ತಾ? ನಾನು ಹೇಳಿದ್ದೇ ಸರಿ ಅಂತ ಹಟ ಇಲ್ಲ. ಬೈಯೋದಿದ್ರೂ ಬೈಯಿರಿ, ಕಮೆಂಟು ಹಾಕಿ. ಓದಿದ ನಂತರ ಒಂದು ಸಲ ಊರಿಗೆ ಫೋನ್ ಮಾಡಿ ಆ ಫೈಲು ಎಲ್ಲಿದೆ ಅಂತ ಕೇಳಿದ್ರೆ ಇನ್ನೂ ಸಂತೋಷ.